ಊಟದ ಮೇಜಿನ ಮೇಲೆ ಉಗಿಯಂತ್ರ

ಸಿಸ್ಟರಮ್ಮ ನಿಂತುಕೊಂಡೇ ಊಟ ಮಾಡಲು ಶುರುಮಾಡಿ ತಿಂಗಳುಗಳೇ ಆಗಿದ್ದವು. ಬೆನ್ನುನೋವಲ್ಲ, ಕೆಲಸದ ಅವಸರವೂ ಅಲ್ಲ. ಕುಳಿತು ಉಣ್ಣುವುದಕ್ಕೆ ಮನೆಯಲ್ಲಿ ಜಾಗವಿರಲಿಲ್ಲ. ಊಟದ ಮೇಜು ಇತ್ತು, ಸುತ್ತ ಕುರ್ಚಿಗಳೂ ಇದ್ದವು. ಆದರೆ ಮೇಜಿನ ಒಂದು ಅಂಚನ್ನು ಲೋಹವನ್ನು ಬಿಗಿಹಿಡಿಯುವ ಕಬ್ಬಿಣದ ವೈಸ್ ಕಚ್ಚಿಕೊಂಡು ಕೂತಿತ್ತು. ಇನ್ನೊಂದು ತುದಿಯಲ್ಲಿ ಹಿತ್ತಾಳೆಯನ್ನು ತಿರುಗಿಸಿ ಕಡೆಯುವ ಪುಟ್ಟದೊಂದು ಲೇತ್. ನಡುವೆ ಅರಗಳು, ಡ್ರಿಲ್ಲುಗಳು, ಎಣ್ಣೆ ಡಬ್ಬಿ, ತಾಮ್ರದ ಕೊಳವೆ, ಹಿತ್ತಾಳೆಯ ತುಂಡುಗಳು. ಉಪ್ಪಿಗೆಂದು ಕೈಹಾಕಿದರೆ ಬೆಸುಗೆಗೆ ಹಾಕುವ ಬಿಳಿ ಪುಡಿ ಸಿಗುತ್ತಿತ್ತು. (ಒಮ್ಮೆ ಸಿಕ್ಕೇಬಿಟ್ಟಿತ್ತು. ಬಾಯಿಗಿಡುವ ಮೊದಲೇ ಗೊತ್ತಾದ್ದರಿಂದ ಈ ಕಥೆಯನ್ನು ಹೇಳಲು ಸಾಧ್ಯವಾಗಿದೆ.)

ಆಸ್ಪತ್ರೆಯಲ್ಲಿ ಆಕೆ ಸಾಮಾನ್ಯ ಹೆಂಗಸಲ್ಲ. ಇಡೀ ವಾರ್ಡಿನ ಹಿರಿಯ ನರ್ಸ್. ಬಾಗಿಲಲ್ಲಿ ಅವರ ಚಪ್ಪಲಿ ಸದ್ದು ಕೇಳಿದರೆ ಸಾಕು, ಕೆಮ್ಮು ಬಂದವರು ಕೆಮ್ಮನ್ನು ಹಾಗೇ ನುಂಗಿಕೊಳ್ಳುತ್ತಿದ್ದರು. ಹೊಸದಾಗಿ ಸೇರಿದ ಡಾಕ್ಟರುಗಳು ಸ್ಟೆತಾಸ್ಕೋಪನ್ನು ಕಿವಿಗೇರಿಸುವ ಮುನ್ನ ಒಮ್ಮೆ ಅವರ ಮುಖ ನೋಡುತ್ತಿದ್ದರು. ಈ ಮಹಾಪ್ರಭುತ್ವವೆಲ್ಲ ಮನೆಯ ಹೊಸ್ತಿಲಲ್ಲಿ ಚಪ್ಪಲಿಯ ಜೊತೆಗೇ ಕಳಚಿಬೀಳುತ್ತಿತ್ತು.

ಇದಕ್ಕೆಲ್ಲ ಮೂಲ ಅವರದೇ ಒಂದು ಸದುದ್ದೇಶ. ಪತಿರಾಯರು ಕಾಲೇಜಿನಲ್ಲಿ ಲೆಕ್ಕಪತ್ರ ಕಲಿಸುವ ಮೇಷ್ಟ್ರು. ಜಮಾ ಯಾವ ಕಡೆ, ಖರ್ಚು ಯಾವ ಕಡೆ ಎಂದು ವರ್ಷವರ್ಷವೂ ಹೊಸ ಹೊಸ ಹುಡುಗರಿಗೆ ಹೇಳಿ ಹೇಳಿ ಅವರಿಗೆ ರಕ್ತದೊತ್ತಡ ಬಂದಿತ್ತು. "ಏನಾದ್ರೂ ಹವ್ಯಾಸ ಇಟ್ಕೊಳ್ಳಿ, ಮನಸ್ಸು ಹಗುರಾಗುತ್ತೆ" ಎಂದು ಡಾಕ್ಟರ ಬಾಯಲ್ಲಿ ಹೇಳಿಸಿದವರು ಸಿಸ್ಟರಮ್ಮನೇ. ಅವರ ಮನಸ್ಸಿನಲ್ಲಿದ್ದದ್ದು ಹೂವಿನ ಕುಂಡಗಳು. ಮೇಷ್ಟ್ರು ಹೋದದ್ದು ಹವ್ಯಾಸಿಗಳ ಒಂದು ಪ್ರದರ್ಶನಕ್ಕೆ. ಅಲ್ಲಿ ಅಂಗೈಯಗಲದ ಉಗಿಯಂತ್ರವೊಂದು ಬುಸುಬುಸು ಎನ್ನುತ್ತಾ ಗಾಲಿ ತಿರುಗಿಸುವುದನ್ನು ಕಂಡು, ಮೈಮೇಲೆ ಏನೋ ಬಂದವರಂತೆ ಮನೆಗೆ ಬಂದರು.

"ನೀರು, ಬೆಂಕಿ, ಅಷ್ಟೇ ಕಣೇ. ಅದರಷ್ಟಕ್ಕೆ ಅದು ಓಡುತ್ತೆ."

"ಕುಕ್ಕರಿನಲ್ಲೂ ನೀರು, ಬೆಂಕಿ ಅಷ್ಟೇ ಇರೋದು. ಅದನ್ನ ನೋಡೋಕೆ ಅಂತ ಒಂದಿನಾನೂ ಅಡುಗೆಮನೆ ಕಡೆ ತಲೆ ಹಾಕಿಲ್ಲ ನೀವು."

"ಕುಕ್ಕರಿಗೆ ಗಾಲಿ ಎಲ್ಲಿದೆ?" ಎಂದು ಮೇಷ್ಟ್ರು ಕೇಳಿದರು. ರಕ್ತದ ಒತ್ತಡ ಇಳಿಸಲು ಉಗಿಯ ಒತ್ತಡ ಏರಿಸುವ ಚಿಕಿತ್ಸೆಯನ್ನು ಸಿಸ್ಟರಮ್ಮ ನರ್ಸಿಂಗ್ ಶಾಲೆಯಲ್ಲೂ ಕೇಳಿರಲಿಲ್ಲ.

ಮೇಷ್ಟ್ರು ಅಲ್ಲಿಯವರೆಗೆ ಗೋಡೆಗೊಂದು ಮೊಳೆಯನ್ನು ನೆಟ್ಟಗೆ ಹೊಡೆದವರಲ್ಲ. ಈಗ ಪುಸ್ತಕವೊಂದನ್ನು ತೆರೆದಿಟ್ಟುಕೊಂಡು ಪಿಸ್ಟನ್ ಮಾಡಲು ಕೂತರು. ಮೊದಲು ಅದು ಸಿಲಿಂಡರಿನ ಒಳಗೆ ಹೋಗಲೊಲ್ಲದು. ಮೇಷ್ಟ್ರು ಉಜ್ಜಿದರು. ಇನ್ನಷ್ಟು ಉಜ್ಜಿದರು. ಆಮೇಲೆ ಅದು ಈ ಕಡೆಯಿಂದ ಸಲೀಸಾಗಿ ಒಳಹೊಕ್ಕು ಆ ಕಡೆಯಿಂದ ನೆಲಕ್ಕೆ ಬಿದ್ದು, ಕಪಾಟಿನ ಅಡಿಗೆ ಉರುಳಿಹೋಯಿತು. ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿ ಟಾರ್ಚು ಹಿಡಿದು ಅದನ್ನು ಹುಡುಕಿದರು, ಹೊರಗೆಳೆದರು, ನಿಟ್ಟುಸಿರಿಟ್ಟು ಇನ್ನೊಂದನ್ನು ಶುರುಮಾಡಿದರು. ಹೀಗೆ ಕಪಾಟಿನ ಅಡಿಗೆ ಉರುಳಿದ ಪಿಸ್ಟನ್ನುಗಳಲ್ಲಿ ಒಂದು ರೈಲ್ವೆಯನ್ನೇ ನಡೆಸಬಹುದಿತ್ತು.

ಇಷ್ಟಾದರೂ ಸಿಸ್ಟರಮ್ಮ ಹಲ್ಲುಕಚ್ಚಿ ಸಹಿಸಿದರು. ಆದರೆ ಲೇತಿನಿಂದ ಹಾರುವ ಹಿತ್ತಾಳೆಯ ಸುರುಳಿಗಳಿಗೆ ಗಡಿ ಎಂಬುದೇ ಇರಲಿಲ್ಲ. ಹಾಸಿಗೆಯಲ್ಲಿ, ಟವೆಲಿನಲ್ಲಿ, ಸಕ್ಕರೆಯ ಡಬ್ಬಿಯಲ್ಲಿ, ಎಲ್ಲೆಲ್ಲೂ ಅವೇ. ಒಂದು ಬೆಳಗ್ಗೆ ರೌಂಡ್ಸಿನಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರು ರೋಗಿಯನ್ನು ಬಿಟ್ಟು ಸಿಸ್ಟರಮ್ಮನ ಕಡೆ ತಿರುಗಿ, ಅವರ ತುರುಬಿನಿಂದ ಹೊಳೆಯುವ ಸುರುಳಿಯೊಂದನ್ನು ಚಿಮಟದಲ್ಲಿ ಮೆಲ್ಲನೆ ಎಳೆದು ಬೆಳಕಿಗೆ ಹಿಡಿದರು.

"ಇದೇನು ಸಿಸ್ಟರ್?"

"ಹಿತ್ತಾಳೆ ಸರ್," ಎಂದರು ಸಿಸ್ಟರಮ್ಮ. ಬೇರೇನು ತಾನೇ ಹೇಳಿಯಾರು. ಇಡೀ ವಾರ್ಡು ಕೆಮ್ಮಿತು.

ಅದೇ ವಾರ ಕೆಲಸಕ್ಕೆ ಹೊರಡುವ ಹೊತ್ತಿಗೆ ತಲೆ ಬಾಚಲೆಂದು ಕನ್ನಡಿಯ ಮುಂದೆ ನಿಂತರೆ ಅವರ ಮುಖದ ನಟ್ಟನಡುವೆ ಮಂಜು ಕವಿದಿತ್ತು. ಕಣ್ಣಿಗೆ ಪೊರೆ ಬಂತೇ ಎಂದು ಕಣ್ಣುಜ್ಜಿಕೊಂಡರು. ಕನ್ನಡಿಯನ್ನು ಉಜ್ಜಿ ನೋಡಿದರು. ಮೂಸಿ ನೋಡಿದರು. ಟೂತ್‌ಪೇಸ್ಟ್.

"ಅದು, ಸಿಲಿಂಡರಿನ ಮುಖ ಸಮ ಮಾಡ್ಬೇಕಿತ್ತು," ಎಂದರು ಮೇಷ್ಟ್ರು. "ಗಾಜಿನ ಮೇಲೆ ಪೇಸ್ಟ್ ಹಚ್ಚಿ ಉಜ್ಜಬೇಕು ಅಂತ ಪುಸ್ತಕದಲ್ಲಿದೆ. ಮನೇಲಿ ಅಷ್ಟು ದೊಡ್ಡ ಗಾಜು ಬೇರೆ ಎಲ್ಲೂ ಇಲ್ಲ."

"ಅದರ ಮುಖ ಸಮ ಮಾಡೋಕೆ ನಾನು ಮುಖ ನೋಡ್ಕೊಳ್ಳೋ ಕನ್ನಡೀನೇ ಬೇಕಿತ್ತಾ?"

"ನಿನ್ನ ಮುಖ ಸಮವಾಗೇ ಇದೆಯಲ್ಲೇ," ಎಂದರು ಮೇಷ್ಟ್ರು. ಅವರು ನಿಜಕ್ಕೂ ಮೆಚ್ಚುಗೆಯಿಂದಲೇ ಹೇಳಿದ್ದರು. ಆದರೆ ಕೈಯಲ್ಲಿ ಸಿಲಿಂಡರ್ ಹಿಡಿದುಕೊಂಡು, ಕಣ್ಣನ್ನೂ ಅದರ ಮೇಲೇ ಇಟ್ಟು ಹೇಳಿದ ಮೆಚ್ಚುಗೆ ಮುಟ್ಟಬೇಕಾದ ಜಾಗಕ್ಕೆ ಮುಟ್ಟಲಿಲ್ಲ. ಸಿಸ್ಟರಮ್ಮ ಅಂದು ಸಂಜೆಯೇ ಮಾವನವರಿಗೆ ಫೋನು ಮಾಡಿದರು.

ಮಾವನವರು ಜೈಲಿನ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅತ್ತೆಯವರೊಂದಿಗೆ ದೊಡ್ಡ ಮಗನ ಮನೆಯಲ್ಲಿದ್ದರು. ಮೇಷ್ಟ್ರಿಗೆ ಈ ವಯಸ್ಸಿನಲ್ಲೂ ಅಪ್ಪನ ಹೆಸರು ಕೇಳಿದರೆ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳಬೇಕೆನಿಸುತ್ತಿತ್ತು. ಅಪ್ಪ ಮಗನ ನಡುವಿನ ಮಾತು "ಊಟ ಆಯ್ತಾ", "ಆಯ್ತು" ಎಂಬ ಎರಡು ನುಡಿಗಳನ್ನು ದಾಟಿದ್ದು ಯಾರಿಗೂ ನೆನಪಿಲ್ಲ.

"ನೀನು ಚಿಂತೆ ಮಾಡ್ಬೇಡಮ್ಮ. ಒಂದು ಗಂಟೆ ಸಾಕು ನನಗೆ," ಎಂದು ಮಾವನವರು ಬ್ಯಾಗು ಹಿಡಿದು ಬಂದೇಬಿಟ್ಟರು. ನೀರು ಕೂಡ ಕುಡಿಯದೆ "ಎಲ್ಲಿ ಅದು?" ಎಂದು ಊಟದ ಕೋಣೆಗೆ ನಡೆದು ಬಾಗಿಲು ಹಾಕಿಕೊಂಡರು.

ಸಿಸ್ಟರಮ್ಮ ಅಡುಗೆಮನೆಯಲ್ಲಿ ಕಿವಿ ನಿಮಿರಿಸಿ ನಿಂತರು. ಈಗ ಸಿಡಿಲು ಬೀಳುತ್ತದೆ ಎಂದುಕೊಂಡರು. ಕೊನೆಗೆ ಮಾವನವರ ಗಂಭೀರ ಧ್ವನಿ ಕೇಳಿಸಿತು.

"ಇದು ಓರೆ ಇದೆಯಲ್ಲೋ."

"ಎಲ್ಲಿ ಅಪ್ಪ?"

"ಕಣ್ಣು ಬಿಟ್ಟು ನೋಡು. ಅರ ಹೀಗಾ ಹಿಡಿಯೋದು? ಕೊಡು ಇಲ್ಲಿ."

ಆಮೇಲೆ ಕೇಳಿಸಿದ್ದು ಅರದ ಸದ್ದು ಮಾತ್ರ. ಜೈಲಿನ ಕಾರ್ಖಾನೆಯಲ್ಲಿ ಕೈದಿಗಳು ಕೆಲಸ ಮಾಡುವುದನ್ನು ಮಾವನವರು ವರ್ಷಗಟ್ಟಲೆ ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡಿದ್ದರಂತೆ. ತಾವೂ ಒಮ್ಮೆ ಮಾಡಿ ನೋಡಬೇಕೆಂಬ ಆಸೆಯನ್ನು ಹುದ್ದೆಯ ಘನತೆಗಾಗಿ ಅದುಮಿಟ್ಟುಕೊಂಡಿದ್ದರಂತೆ. ಆ ಆಸೆ ಈಗ ಸಿಸ್ಟರಮ್ಮನ ಊಟದ ಮೇಜಿನ ಮೇಲೆ ಬಿಡುಗಡೆಯಾಯಿತು. ಒಂದು ಗಂಟೆಗೆಂದು ಬಂದವರ ಪಂಚೆ, ಟವೆಲು ಬಚ್ಚಲಿನ ತಂತಿಯ ಮೇಲೆ ಕಾಯಂ ಆದವು. ಮೊದಲು ಒಬ್ಬರ ಕಾಫಿ ಆರುತ್ತಿದ್ದಲ್ಲಿ ಈಗ ಇಬ್ಬರದು ಆರತೊಡಗಿತು. ಅಪ್ಪ ಮಗ ಈಗ ಎಡೆಬಿಡದೆ ಮಾತಾಡುತ್ತಿದ್ದರು. ಎಲ್ಲವೂ ಜಗಳವೇ, ಎಲ್ಲವೂ ಕೂದಲೆಳೆಯಷ್ಟು ದಪ್ಪದ ವಿಷಯಕ್ಕೇ.

ಸಿಸ್ಟರಮ್ಮ ಅತ್ತೆಯವರಿಗೆ ಫೋನು ಮಾಡಿದರು.

"ಅವರಿಗೆ ಹೇಳೋರು ಕೇಳೋರು ಇಲ್ಲ ಅಂದ್ಕೊಂಡಿದಾರಾ? ನಾನು ಬರ್ತೀನಿ ಇರು. ನಾನು ಯಾವತ್ತಿದ್ರೂ ನಿನ್ನ ಕಡೆ," ಎಂದರು ಅತ್ತೆ. ಬಂದರು ಕೂಡ. ಬಂದವರೇ ಸೆರಗು ಸಿಕ್ಕಿಸಿ ಊಟದ ಕೋಣೆಯ ಬಾಗಿಲಲ್ಲಿ ನಿಂತು ಅಪ್ಪ ಮಗ ಇಬ್ಬರನ್ನೂ ಒಟ್ಟಿಗೆ ಝಾಡಿಸಿದರು. ಸಿಸ್ಟರಮ್ಮನ ಕಣ್ಣಲ್ಲಿ ನೀರು ತುಂಬಿಬಂತು. ಇಂಥ ಅತ್ತೆಯನ್ನು ಪಡೆಯಲು ಏನೋ ಪುಣ್ಯ ಮಾಡಿರಬೇಕೆಂದು ಅವರು ನೆನೆಯುತ್ತಿರುವಾಗಲೇ ಅತ್ತೆಯ ದೃಷ್ಟಿ ಕಿಟಕಿಯ ಬಳಿ ಒಣಗಲಿಟ್ಟಿದ್ದ ಗಾಲಿಯ ಮೇಲೆ ಬಿತ್ತು.

"ಅದಕ್ಯಾಕೆ ಹಸಿರು ಬಳಿದಿದೀರಿ?"

"ಪುಸ್ತಕದಲ್ಲಿ ಹಸಿರೇ ಇದೆ ಅಮ್ಮ."

"ಪುಸ್ತಕ ಬರೆದೋನಿಗೆ ಕಣ್ಣಿಲ್ಲ. ಹಿತ್ತಾಳೆ ಪಕ್ಕದಲ್ಲಿ ಹಸಿರು ಇಟ್ರೆ ಕಿಲುಬು ಹಿಡಿದ ಹಾಗಿರುತ್ತೆ. ಕೆಂಪು ಬಳೀರೋ."

ಅಷ್ಟೇ. ಆ ಕ್ಷಣದಿಂದ ಅತ್ತೆ ಶತ್ರುಪಕ್ಷದ ಬಣ್ಣದ ಖಾತೆಯನ್ನು ವಹಿಸಿಕೊಂಡರು. ಗಾಲಿಗೆ ಕೆಂಪು, ಬಾಯ್ಲರಿನ ಕಾಲುಗಳಿಗೆ ಕಪ್ಪು, ಹಲಗೆಗೆ ಮೆರುಗೆಣ್ಣೆ. ಸಿಸ್ಟರಮ್ಮನ ಉಗುರುಬಣ್ಣದ ಶೀಶೆ ಖಾಲಿಯಾದದ್ದು ಆಗಲೇ.

ಕೊನೆಗೂ ಯಂತ್ರ ಸಿದ್ಧವಾಯಿತು. ತಾಮ್ರದ ಬಾಯ್ಲರ್, ಅದರ ಅಡಿಯಲ್ಲಿ ಸ್ಪಿರಿಟ್ ದೀಪ, ನೆತ್ತಿಯ ಮೇಲೆ ಪುಟ್ಟ ಸೇಫ್ಟಿ ವಾಲ್ವ್, ಪಕ್ಕದಲ್ಲಿ ತೂಗಾಡುವ ಸಿಲಿಂಡರ್, ಕೆಂಪು ಗಾಲಿ. ನೋಡಲು ಚೆನ್ನಾಗಿಯೇ ಇತ್ತು. (ಸಿಸ್ಟರಮ್ಮ ಇದನ್ನು ಬಾಯಿಬಿಟ್ಟು ಹೇಳಲಿಲ್ಲ.) ಆದರೆ ಅದು ಓಡಲಿಲ್ಲ. ಸೈಕಲ್ ಪಂಪಿನಿಂದ ಗಾಳಿ ಹೊಡೆದರು, ಓಡಲಿಲ್ಲ. ದೀಪ ಹಚ್ಚಿ ಉಗಿ ಎಬ್ಬಿಸಿದರು, ಓಡಲಿಲ್ಲ. ಇಂಥ ಸಣ್ಣ ಯಂತ್ರದ ಗಾಲಿಯನ್ನು ಬೆರಳಿನಿಂದ ಮೊದಲೊಮ್ಮೆ ತಿರುಗಿಸಿ ಹುರುಪು ಕೊಡಬೇಕು ಎಂದು ಪುಸ್ತಕ ಹೇಳಿತ್ತು. ಯಾವ ಕಡೆಗೆ ಎಂಬುದಕ್ಕೆ ಬಾಣದ ಗುರುತೂ ಇತ್ತು. ಮೇಷ್ಟ್ರು ಆ ಬಾಣವನ್ನೇ ನಂಬಿ ತಿರುಗಿಸುತ್ತಿದ್ದರು. ಗಾಲಿ ಅರ್ಧ ಸುತ್ತು ಹೋಗಿ, ಮನೆ ಬಿಟ್ಟು ಹೊರಟವರಿಗೆ ಬೀಗ ಹಾಕಿದೆವೋ ಇಲ್ಲವೋ ಎಂಬ ಅನುಮಾನ ಬಂದ ಹಾಗೆ ಗಕ್ಕನೆ ನಿಂತು, ಹಿಂದಕ್ಕೆ ಬರುತ್ತಿತ್ತು.

"ನೀನು ಸಿಲಿಂಡರ್ ಕೆಡಿಸಿದೀಯ."

"ನೀವು ಸ್ಪ್ರಿಂಗ್ ಬಿಗಿ ಮಾಡಿದೀರಿ ಅಪ್ಪ."

"ಇಬ್ರೂ ಬಣ್ಣ ಕಿತ್ತಿಟ್ರಿ," ಎಂದರು ಅತ್ತೆ.

ಈ ನಡುವೆ ಆಸ್ಪತ್ರೆಯಲ್ಲಿ ಎಲ್ಲ ನರ್ಸುಗಳ ಮೇಲಿನ ಸೂಪರಿಂಟೆಂಡೆಂಟ್ ಹುದ್ದೆ ಖಾಲಿಯಾಯಿತು. ಶಿಫಾರಸು ಮಾಡಬೇಕಾದವರು ದೊಡ್ಡ ಡಾಕ್ಟರು. ಚಿಮಟದಲ್ಲಿ ಹಿತ್ತಾಳೆ ಹಿಡಿದು ನೋಡಿದ ಆ ದಿನದಿಂದ ಅವರು ತಮ್ಮನ್ನು ಒಂದು ಬಗೆಯಾಗಿ ನೋಡುತ್ತಿದ್ದಾರೆಂದು ಸಿಸ್ಟರಮ್ಮನಿಗೆ ಒಳಗೊಳಗೇ ಅಳುಕು. ತಮ್ಮ ಮನೆ ಎಷ್ಟು ಒಪ್ಪ, ಎಷ್ಟು ಶಿಸ್ತು ಎಂಬುದನ್ನು ಅವರು ಕಣ್ಣಾರೆ ಕಾಣಲಿ ಎಂದು ಡಾಕ್ಟರ ದಂಪತಿಗಳನ್ನು ಭಾನುವಾರ ಸಂಜೆ ಊಟಕ್ಕೆ ಕರೆದರು. ಮನೆಗೆ ಬಂದು, ಆ ಮೂವರನ್ನೂ ಸಾಲಾಗಿ ನಿಲ್ಲಿಸಿ ವಾರ್ಡಿನ ಧ್ವನಿಯಲ್ಲಿ ಹೇಳಿದರು.

"ಭಾನುವಾರ ಆ ಮೇಜಿನ ಮೇಲೆ ಮೇಜುಬಟ್ಟೆ ಇರ್ಬೇಕು. ಬಟ್ಟೆ ಮೇಲೆ ತಟ್ಟೆ ಇರ್ಬೇಕು. ತಟ್ಟೇಲಿ ಊಟ ಇರ್ಬೇಕು. ಇನ್ನೊಂದು ತಿರುಪಿನ ಮೊಳೆ ನನ್ನ ಕಣ್ಣಿಗೆ ಬಿದ್ರೆ ಸೋಮವಾರ ಗುಜರಿಯವನನ್ನ ಕರೆಸ್ತೀನಿ."

ಮೂವರೂ ತಲೆಯಾಡಿಸಿದರು. ಭಾನುವಾರ ಬೆಳಗ್ಗೆಯಿಂದ ಎಲ್ಲವನ್ನೂ ಹೊತ್ತು ಮಂಚದ ಅಡಿಗೆ ಸಾಗಿಸಿದರು. ವೈಸ್ ಒಂದು ಮಾತ್ರ ಜಪ್ಪಯ್ಯ ಎಂದರೂ ಮೇಜನ್ನು ಬಿಡಲಿಲ್ಲ. ಅದರ ಮೇಲೆಯೇ ಮೇಜುಬಟ್ಟೆ ಹೊದಿಸಿ, ಎದ್ದುಕಂಡ ದಿಬ್ಬದ ಮೇಲೆ ಅತ್ತೆ ಒಂದು ಹೂದಾನಿ ಇಟ್ಟರು. ಹೂದಾನಿ ಬೆಟ್ಟದ ಮೇಲಿನ ದೀಪಸ್ತಂಭದಂತೆ ಕಾಣುತ್ತಿತ್ತು.

ಸಿಸ್ಟರಮ್ಮ ಇಡೀ ದಿನ ಒಲೆಯ ಮುಂದೆ ನಿಂತು ಅಡುಗೆ ಮಾಡಿದರು. ಅತಿಥಿಗಳು ಹೇಳಿದ ಹೊತ್ತಿಗೇ ಬಂದರು. ದೊಡ್ಡ ಡಾಕ್ಟರು ಮಿತಭಾಷಿ. ಅವರ ಹೆಂಡತಿ ಮೃದುಮಾತಿನ ಹೆಂಗಸು. "ಎಷ್ಟು ಅಚ್ಚುಕಟ್ಟಾಗಿದೆ ಸಿಸ್ಟರ್ ನಿಮ್ಮನೆ," ಎಂದು ಆಕೆ ಹೇಳಿದಾಗ ಸಿಸ್ಟರಮ್ಮನ ಎದೆ ಹಗುರಾಯಿತು. ಎಲ್ಲರನ್ನೂ ಮೇಜಿಗೆ ಕೂರಿಸಿ, ಬಡಿಸುವ ಪಾತ್ರೆಗಳನ್ನು ತರಲು ಒಳಗೆ ಹೋದರು.

ಒಳಗಿರುವಾಗಲೇ ಠಣ್ ಎಂದು ಸದ್ದಾಯಿತು. ದೊಡ್ಡ ಡಾಕ್ಟರ ಮೊಣಕಾಲು ವೈಸಿನ ಹಿಡಿಗೆ ಬಡಿದಿತ್ತು. ಅವರು ಮೇಜುಬಟ್ಟೆಯನ್ನು ಹೊದಿಕೆ ಎತ್ತಿ ರೋಗಿಯನ್ನು ನೋಡುವ ಹಾಗೆ ಮೆಲ್ಲನೆ ಎತ್ತಿ ನೋಡಿದರು.

"ಇದೇನು?"

ಮೇಷ್ಟ್ರು ಹೇಳಬಾರದಿತ್ತು. ಆದರೆ ಇಷ್ಟು ತಿಂಗಳಲ್ಲಿ ಅವರನ್ನು ಹಾಗೆ ಕೇಳಿದ ಹೊರಗಿನವರು ಇವರೊಬ್ಬರೇ.

ಸಿಸ್ಟರಮ್ಮ ಅನ್ನದ ಪಾತ್ರೆ ಹಿಡಿದು ಬರುವಷ್ಟರಲ್ಲಿ ಮಂಚದ ಅಡಿಯಲ್ಲಿದ್ದದ್ದು ಮೇಜಿನ ಮೇಲೆ, ಬಿಳಿಯ ಮೇಜುಬಟ್ಟೆಯ ಮೇಲೆ ಇತ್ತು. ದೀಪ ಉರಿಯುತ್ತಿತ್ತು. ಮಾವನವರು ಒಂದು ಪಕ್ಕ, ಮೇಷ್ಟ್ರು ಒಂದು ಪಕ್ಕ. ದೊಡ್ಡ ಡಾಕ್ಟರು ಕೋಟು ತೆಗೆದು, ಕಾರಿನಿಂದ ಸ್ಟೆತಾಸ್ಕೋಪು ತಂದು, ಸಿಲಿಂಡರಿಗೆ ಒತ್ತಿ, ಕಣ್ಣುಮುಚ್ಚಿ ಕೇಳುತ್ತಿದ್ದರು.

"ಉಸಿರಾಟ ಇದೆ," ಎಂದರು. "ನಾಡಿ ಇಲ್ಲ."

"ಅದೇ ಸರ್ ನಮ್ಮ ಸಮಸ್ಯೆ," ಎಂದರು ಮೇಷ್ಟ್ರು.

"ಇನ್ನೊಮ್ಮೆ ತಿರುಗಿಸಿ."

ಮೇಷ್ಟ್ರು ತಿರುಗಿಸಿದರು. ಅರ್ಧ ಸುತ್ತು, ಗಕ್ಕನೆ ನಿಂತಿತು. ಯಂತ್ರ ಎಣ್ಣೆ ಬೆರೆತ ನೀರನ್ನು ಮೇಜುಬಟ್ಟೆಯ ಮೇಲೆ ಪಿಚಕ್ಕನೆ ಉಗುಳಿತು. ದೊಡ್ಡ ಡಾಕ್ಟರ ಬಿಳಿ ಅಂಗಿಯ ಮೇಲೂ ಉಗುಳಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಸಿಸ್ಟರಮ್ಮ ಅನ್ನದ ಪಾತ್ರೆಯನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟರು. ಮೇಲಧಿಕಾರಿಯ ಎದುರು ಕೂಗುವಂತಿಲ್ಲ. ಗಂಡನನ್ನು ಬಯ್ಯುವಂತಿಲ್ಲ. ಮಾವನವರಿಗೆ ಏನೂ ಅನ್ನುವಂತಿಲ್ಲ. ತಿಂಗಳುಗಳಿಂದ ಗಂಟಲಲ್ಲಿ ತಡೆದಿಟ್ಟಿದ್ದದ್ದೆಲ್ಲ ಅವರ ಬಲಗೈಗೆ ಇಳಿಯಿತು.

"ಸಾಕು, ತೆಗೀರಿ ಇದನ್ನ," ಎನ್ನುತ್ತಾ ಮುಂದೆ ಬಂದು ಆ ಕೆಂಪು ಗಾಲಿಯನ್ನು ಒಂದೇಟು ಬಾರಿಸಿ ತಮ್ಮ ಕಡೆಗೆ ಎಳೆದರು.

ಗಾಲಿ ತಿರುಗಿತು. ನಿಲ್ಲಲಿಲ್ಲ.

ಟಿಕಿಟಿಕಿ ಟಿಕಿಟಿಕಿ ಎಂದು ಶುರುವಾದದ್ದು ನೋಡನೋಡುತ್ತ ಗುಯ್ಯೆಂದು ಒಂದೇ ಸದ್ದಾಯಿತು. ಗಾಲಿಯ ಕಡ್ಡಿಗಳು ಮಾಯವಾಗಿ ಕೆಂಪು ಬಿಲ್ಲೆಯೊಂದೇ ಉಳಿಯಿತು. ಸಿಲಿಂಡರು ಪುಟ್ಟ ಹಕ್ಕಿ ತಲೆಯಾಡಿಸುವ ಹಾಗೆ ತೂಗತೊಡಗಿತು. ಮೇಷ್ಟ್ರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಮಾವನವರು ಪುಸ್ತಕದ ನಕ್ಷೆಯನ್ನು ಎತ್ತಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು, ಯಂತ್ರವನ್ನು ನೋಡಿದರು, ಮಗನನ್ನು ನೋಡಿದರು.

"ಹಿತ್ತಾಳೆ ಮೇಲೆ ನಕ್ಷೆ ಮಗುಚಿ ಅಂಟಿಸಿ ತೂತು ಕೊರೆದಿದೀಯಲ್ಲೋ. ಉಗಿ ಒಳಗೆ ಬರೋ ಕಡೆ ಹೊರಗೆ ಹೋಗೋದು, ಹೊರಗೆ ಹೋಗೋ ಕಡೆ ಒಳಗೆ ಬರೋದು ಆಗಿದೆ. ಇದು ಬಾಣಕ್ಕೆ ಉಲ್ಟಾನೇ ಓಡೋದು. ಜಮಾ ಖರ್ಚು ಅದಲುಬದಲು ಮಾಡಿ ಹುಡುಗರಿಗೆ ಏನು ಪಾಠ ಹೇಳ್ತೀಯೋ ನೀನು?"

"ಚಿಕ್ಕವನಿದ್ದಾಗ ಅಂಗೀನೂ ಹಿಂದುಮುಂದಾಗೇ ಹಾಕ್ಕೋತಿದ್ದ," ಎಂದರು ಅತ್ತೆ.

ಸಿಸ್ಟರಮ್ಮನಿಗೆ ಇದೊಂದೂ ಕೇಳಿಸುತ್ತಿರಲಿಲ್ಲ. ಅವರು ಗಾಲಿಯನ್ನು ನೋಡುತ್ತಿದ್ದರು. ನೀರು, ಬೆಂಕಿ, ಅಷ್ಟೇ. ಯಾರೂ ಗದರಿಸಬೇಕಿಲ್ಲ, ಯಾರೂ ಬೆನ್ನುಹತ್ತಬೇಕಿಲ್ಲ. ಈ ಮನೆಯಲ್ಲಿ ಅವರು ಒಂದೇ ಸಲ ಹೇಳಿದ್ದಕ್ಕೆ ಹೀಗೆ ಮಾತು ಕೇಳಿದ್ದು ಇದೊಂದೇ. ಸ್ಪಿರಿಟ್ ತೀರಿ ದೀಪ ನಂದಿತು. ಗಾಲಿ ನಿಧಾನವಾಗಿ, ನಿಧಾನವಾಗಿ ನಿಂತಿತು.

"ಇನ್ನೊಂದ್ಸಲ ಹಚ್ಚಿ," ಎಂದು ಯಾರೋ ಹೇಳಿದರು. ಎಲ್ಲರೂ ಸಿಸ್ಟರಮ್ಮನ ಕಡೆ ತಿರುಗಿದ ಮೇಲೆಯೇ ಅದು ತಮ್ಮದೇ ಧ್ವನಿ ಎಂದು ಅವರಿಗೆ ತಿಳಿದದ್ದು.

ಹಚ್ಚಿದರು. ಮತ್ತೆ ಹಚ್ಚಿದರು. ಬೇರೆ ಯಾರೂ ಗಾಲಿ ಮುಟ್ಟಕೂಡದೆಂದು ಅಪ್ಪಣೆಯಾಯಿತು. "ಬಾಯ್ಲರಿಗೆ ನೀರು ನೋಡ್ರೀ, ಬರಿದಾದ್ರೆ ಸುಟ್ಟುಹೋಗುತ್ತೆ," ಎಂದು ಸಿಸ್ಟರಮ್ಮ ಗದರಿದರೆ ಮೇಷ್ಟ್ರೂ ದೊಡ್ಡ ಡಾಕ್ಟರೂ ಒಟ್ಟಿಗೆ ನೀರಿಗೆ ಓಡಿದರು. ಗಾಲಿಯ ಅಚ್ಚಿಗೆ ದಾರ ಕಟ್ಟಿ ಚಮಚ ಎತ್ತಿಸಿದರು. ಚಮಚ ಮೇಲಕ್ಕೇರಿದಾಗ ಮಾವನವರು ಚಪ್ಪಾಳೆ ತಟ್ಟಿದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಡಾಕ್ಟರ ಹೆಂಡತಿ ಒಂದೆರಡು ಸಲ ಗಡಿಯಾರ ನೋಡಿದರು, ಒಂದು ಸಲ ಸ್ಟೂಲಿನ ಮೇಲಿನ ಪಾತ್ರೆಯನ್ನೂ ನೋಡಿದರು. ಕೊನೆಗೆ ಎದ್ದು ಗಂಡನಿಗೆ ಕೋಟು ತೊಡಿಸಿದರು.

"ಬಹಳ ಚೆನ್ನಾಗಿತ್ತು," ಎಂದರು ದೊಡ್ಡ ಡಾಕ್ಟರು ಹೊರಡುವಾಗ. ಆಸ್ಪತ್ರೆಯಲ್ಲಿ ಅವರು ಅಷ್ಟು ಉದ್ದದ ಮಾತಾಡಿದ್ದನ್ನು ಸಿಸ್ಟರಮ್ಮ ಕೇಳಿರಲಿಲ್ಲ. ಹುದ್ದೆ ಕೈಗೆ ಬಂದಂತೆಯೇ ಎಂದು ಹಿಗ್ಗುತ್ತಾ ಕಾರು ತಿರುವು ದಾಟುವವರೆಗೂ ಕೈಬೀಸಿ ಒಳಗೆ ಬಂದರು.

ಅಡುಗೆಮನೆಯ ಕಟ್ಟೆಯ ಮೇಲೆ ಪಾತ್ರೆಗಳು ಸಾಲಾಗಿ ಮುಚ್ಚಳ ಹಾಕಿಕೊಂಡು ಕೂತಿದ್ದವು. ಸಿಸ್ಟರಮ್ಮ ಒಂದರ ಮುಚ್ಚಳ ತೆಗೆದರು. ತುಂಬಿತ್ತು. ಇನ್ನೊಂದರದು ತೆಗೆದರು. ಅದೂ ತುಂಬಿತ್ತು. ಸಿಹಿಯ ಮೇಲೆ ತಾವೇ ಜೋಡಿಸಿದ್ದ ಗೋಡಂಬಿಗಳು ಒಂದೂ ಕದಲಿರಲಿಲ್ಲ.

"ರೀ," ಎಂದರು. "ರೀ, ಅವರು ಊಟಾನೇ ಮಾಡಿಲ್ಲ."

ಮೂವರೂ ಬಾಗಿಲಲ್ಲಿ ಬಂದು ನಿಂತು ಪಾತ್ರೆಗಳನ್ನು ನೋಡಿದರು.

"ಚೆನ್ನಾಗಿತ್ತು ಅಂದ್ರಲ್ಲ," ಎಂದರು ಮೇಷ್ಟ್ರು.

ಸಿಸ್ಟರಮ್ಮ ಡಾಕ್ಟರ ನಂಬರಿಗೆ ಫೋನು ಒತ್ತಿದರು. ಎತ್ತಿದವರು ಡಾಕ್ಟರ ಹೆಂಡತಿ. ಹಿಂದೆ ತಟ್ಟೆ ಲೋಟಗಳ ಸದ್ದು.

"ಹೋಟೆಲಲ್ಲಿ ಕೂತಿದೀವಿ ಸಿಸ್ಟರ್. ಊಟದ ವಿಷಯ ಬಿಡಿ, ಅದಕ್ಕೆ ನನಗೇನೂ ಬೇಜಾರಿಲ್ಲ," ಎಂದರು ಆಕೆ. ಆಮೇಲೆ ಧ್ವನಿ ತಗ್ಗಿತು. "ಇವರು ಕಾರು ಹತ್ತಿದಾಗಿಂದ ಲೇತ್ ಲೇತ್ ಅಂತಿದಾರೆ. ಎಲ್ಲಿ ಸಿಗುತ್ತೆ ಅಂತ ನಿಮ್ಮನ್ನೇ ಕೇಳ್ತಾರೆ. ನಿಮ್ಮ ಕೈ ಮುಗೀತೀನಿ, ಗೊತ್ತಿಲ್ಲ ಅಂದ್ಬಿಡಿ. ನೀವೂ ಒಬ್ಬ ಹೆಂಗಸು, ನಿಮಗೆ ಅರ್ಥ ಆಗುತ್ತೆ."

ಸಿಸ್ಟರಮ್ಮನಿಗೆ ಅರ್ಥವಾಯಿತು. ಅಷ್ಟು ಚೆನ್ನಾಗಿ ಅರ್ಥವಾಗುವವರು ಆ ಊರಿನಲ್ಲೇ ಇನ್ನೊಬ್ಬರಿರಲಿಲ್ಲ. ಅವರು ಉತ್ತರ ಕೊಡುವ ಮೊದಲೇ ಫೋನು ಕೈ ಬದಲಾಯಿತು.

"ಸಿಸ್ಟರ್, ನಿಮ್ಮ ಹುದ್ದೆ ವಿಷಯ ನಾಳೆ ಮೇಲಿನವರ ಹತ್ರ ಮಾತಾಡೋಣ ಅಂತಿದೀನಿ. ಅದಿರ್ಲಿ, ಆ ಲೇತ್ ಎಲ್ಲಿ ತಗೊಂಡ್ರಿ?"

ಸಿಸ್ಟರಮ್ಮ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು.

"ಬರ್ಕೊಳ್ಳಿ ಸರ್," ಎಂದರು. ಅಂಗಡಿಯ ವಿಳಾಸ ಹೇಳಿದರು. ಹಿತ್ತಾಳೆಗೆ ಮಾತ್ರ ಅಲ್ಲಿಗೆ ಹೋಗಬೇಡಿ, ಅದಕ್ಕೆ ಬೇರೆ ಅಂಗಡಿಯಿದೆ ಎಂದು ಅದರ ವಿಳಾಸವನ್ನೂ ಹೇಳಿದರು. ಅರ ಕೊಳ್ಳುವಾಗ ಹಲ್ಲು ಸಣ್ಣದಿರುವುದನ್ನೇ ನೋಡಿ ಕೊಳ್ಳಲು ಹೇಳಿದರು. ಇಷ್ಟೆಲ್ಲ ತಮಗೆ ಯಾವಾಗ ಗೊತ್ತಾಯಿತೆಂದು ಅವರಿಗೇ ಗೊತ್ತಿರಲಿಲ್ಲ. ಆ ಕಡೆಯಿಂದ ಮೃದುಮಾತಿನ ಆ ಹೆಂಗಸಿನ ಧ್ವನಿ ಇಲ್ಲಿ ಬರೆಯಬಾರದ ಒಂದು ಮಾತನ್ನು ಬಹಳ ಸ್ಪಷ್ಟವಾಗಿ ಹೇಳಿತು. ಅಲ್ಲಿಗೆ ಫೋನು ಕಟ್ಟಾಯಿತು.

"ಏನಂದ್ರಮ್ಮ ಆ ಹೆಣ್ಣುಮಗಳು?" ಎಂದು ಅತ್ತೆ ಕೇಳಿದರು.

"ಊಟಕ್ಕೆ ಇನ್ನೊಂದಿನ ಬರ್ತೀವಿ ಅಂದ್ರು," ಎಂದು ಹೇಳಿ ಸಿಸ್ಟರಮ್ಮ ತಣ್ಣಗಾದ ಅನ್ನವನ್ನು ಒಲೆಯ ಮೇಲಿಟ್ಟರು.